ಟಿಕೆಟ್ ಯಾರಿಗೆ ಅಂತ ತೀರ್ಮಾನಿಸೋದು ಯಾರು?

ರಾಯಚೂರು ಜಿಲ್ಲೆಯ ಮಸ್ಕಿ ಕ್ಷೇತ್ರದ ಮತದಾರರು 2018ರಿಂದ 2023ರವರೆಗೆ ಮೂರು ಸಲ ಶಾಸಕರನ್ನು ಆರಿಸಿದರು. ಮೂರು ಸಲವೂ ಮುಖ್ಯ ಎದುರಾಳಿಗಳು ಅದೇ ಇಬ್ಬರು: ಪ್ರತಾಪಗೌಡ ಪಾಟೀಲ ಮತ್ತು ಬಸನಗೌಡ ತುರವಿಹಾಳ. 2018ರಲ್ಲಿ ಪಾಟೀಲರು ಕಾಂಗ್ರೆಸ್, ತುರವಿಹಾಳ ಬಿಜೆಪಿ. ಪಾಟೀಲರು ಗೆದ್ದಿದ್ದು ಬರೀ 213 ಮತಗಳಿಂದ. 2019ರಲ್ಲಿ ಅವರು ರಾಜೀನಾಮೆ ಕೊಟ್ಟು ಬಿಜೆಪಿ ಕಡೆ ಹೋದರು. ತುರವಿಹಾಳ ಕಾಂಗ್ರೆಸ್‌ಗೆ ಬಂದರು. 2021ರ ಉಪಚುನಾವಣೆ ಹೊತ್ತಿಗೆ ಇಬ್ಬರ ಚಿಹ್ನೆಯೂ ಅದಲುಬದಲಾಗಿತ್ತು. ತುರವಿಹಾಳ 30 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. 2023ರಲ್ಲೂ ಅದೇ ಜೋಡಿ, ಅದೇ ಫಲಿತಾಂಶ.

ಇಲ್ಲಿ ಜನ ತಮ್ಮ ತೀರ್ಪನ್ನು ಸ್ಪಷ್ಟವಾಗಿಯೇ ಕೊಟ್ಟಿದ್ದಾರೆ. ಅದರ ಬಗ್ಗೆ ತಕರಾರಿಲ್ಲ. ಆದರೆ 2018ರಲ್ಲಿ ಪಾಟೀಲರ ವಿರುದ್ಧ ಮನೆಮನೆ ತಿರುಗಿದ ಬಿಜೆಪಿ ಕಾರ್ಯಕರ್ತ 2021ರಲ್ಲಿ ಅವರ ಪರವಾಗಿಯೇ ಕರಪತ್ರ ಹಂಚಬೇಕಾಯಿತು. ಕಾಂಗ್ರೆಸ್ ಕಾರ್ಯಕರ್ತನದೂ ಅದೇ ಪಾಡು. ಮತದಾರರ ಮುಂದೆ ಯಾವ ಹೆಸರು ಇಡಬೇಕು ಅನ್ನೋ ತೀರ್ಮಾನದಲ್ಲಿ ಇವರ ಮತಕ್ಕೆ ಜಾಗವೇ ಇರಲಿಲ್ಲ. ಇಷ್ಟಾದರೂ ಟಿಕೆಟ್ ಹಂಚಿಕೆಯಲ್ಲಿ ನಿಯಮ ಮುರಿದವರು ಯಾರೂ ಇಲ್ಲ. ಯಾಕೆಂದರೆ ಮುರಿಯೋಕೆ ನಿಯಮವೇ ಇಲ್ಲ.

ಇದು ಅರ್ಥವಾಗಬೇಕಾದರೆ ಒಂದು ಕಾಗದದಿಂದ ಶುರು ಮಾಡಬೇಕು. ಬಿ ಫಾರಂ.

ಚುನಾವಣೆ ಬಂದಾಗ ಈ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಒಳಗೆ ಏನಿದೆ ಅಂತ ನೋಡಿದವರು ಕಡಿಮೆ. 1968ರ ಚುನಾವಣಾ ಚಿಹ್ನೆಗಳ ಆದೇಶದ ಪ್ರಕಾರ ಪಕ್ಷ ಎರಡು ಪತ್ರ ಕೊಡಬೇಕು. ಎ ಫಾರಂನಲ್ಲಿ, 'ನಮ್ಮ ಪಕ್ಷದ ಪರವಾಗಿ ಅಭ್ಯರ್ಥಿಗಳ ಹೆಸರು ತಿಳಿಸುವ ಅಧಿಕಾರ ಇಂಥವರಿಗಿದೆ' ಅಂತ ಇರುತ್ತದೆ, ಅವರ ಮಾದರಿ ಸಹಿಯ ಜೊತೆಗೆ. ಬಿ ಫಾರಂನಲ್ಲಿ ಆ ಅಧಿಕಾರ ಇರುವವರು, 'ಈ ಕ್ಷೇತ್ರಕ್ಕೆ ನಮ್ಮ ಅಭ್ಯರ್ಥಿ ಇವರು' ಅಂತ ಬರೆದು ಸಹಿ ಹಾಕುತ್ತಾರೆ. ಆ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾದರೆ ಬದಲಿ ಯಾರು ಅಂತಲೂ ಅದರಲ್ಲೇ ಬರೆಯಬಹುದು. ಸಹಿ ಪೆನ್ನಿನದೇ ಆಗಿರಬೇಕು. ರಬ್ಬರ್ ಸ್ಟಾಂಪ್ ಸಹಿ ನಡೆಯಲ್ಲ, ಫ್ಯಾಕ್ಸ್ ನಡೆಯಲ್ಲ. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿಯ ಕೈ ಸೇರಬೇಕು.

ಈ 3 ಗಂಟೆಗೆ ದೊಡ್ಡ ಬೆಲೆ ಇದೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಯ ನಾಮಪತ್ರಕ್ಕೆ ಒಬ್ಬ ಸೂಚಕ (ಹೆಸರು ಸೂಚಿಸಿ ಸಹಿ ಹಾಕುವ ಆ ಕ್ಷೇತ್ರದ ಮತದಾರ) ಸಾಕು. ಪಕ್ಷೇತರರಿಗೆ ಹತ್ತು ಸೂಚಕರು ಬೇಕು. ಟಿಕೆಟ್ ಸಿಕ್ಕೇ ಸಿಗುತ್ತದೆ ಅಂತ ನಂಬಿ ಒಬ್ಬನೇ ಸೂಚಕನ ಸಹಿಯಲ್ಲಿ ನಾಮಪತ್ರ ಹಾಕಿದವರ ಬಿ ಫಾರಂ ಬರದೇ ಹೋದರೆ, ಪರಿಶೀಲನೆಯ ದಿನ ಅವರು ಕಣದಲ್ಲೇ ಇರುವುದಿಲ್ಲ. ಅನುಭವ ಇರುವ ಆಕಾಂಕ್ಷಿಗಳು ಇದಕ್ಕೇ ಎರಡು ಸೆಟ್ ಹಾಕುತ್ತಾರೆ: ಒಂದು ಪಕ್ಷದ ಹೆಸರಿನಲ್ಲಿ, ಇನ್ನೊಂದು ಹತ್ತು ಸೂಚಕರ ಜೊತೆ ಪಕ್ಷೇತರರಾಗಿ. ಒಬ್ಬರು ನಾಲ್ಕು ನಾಮಪತ್ರದವರೆಗೆ ಸಲ್ಲಿಸಬಹುದು, ಅದಕ್ಕೆ ಅಡ್ಡಿಯಿಲ್ಲ. ಇನ್ನು ಒಂದೇ ಕ್ಷೇತ್ರಕ್ಕೆ ಪಕ್ಷ ಇಬ್ಬರಿಗೆ ಬಿ ಫಾರಂ ಕೊಟ್ಟು, ಮೊದಲಿನದನ್ನು ರದ್ದು ಮಾಡಿದ್ದೇವೆ ಅಂತ ಬರೆಯದಿದ್ದರೆ? ಯಾರ ನಾಮಪತ್ರ ಮೊದಲು ಬಂತೋ ಅವರೇ ಪಕ್ಷದ ಅಭ್ಯರ್ಥಿ. ಇಷ್ಟು ಸಣ್ಣ ವಿಷಯಕ್ಕೂ ನಿಯಮ ಇದೆ ನೋಡಿ.

ಆದರೆ ಆ ಹೆಸರನ್ನು ಹೇಗೆ ಆರಿಸಿದಿರಿ ಅಂತ ಕೇಳುವ ಒಂದು ಸಾಲೂ ಈ ಆದೇಶದಲ್ಲಿಲ್ಲ. ಅಧಿಕಾರ ಇರುವವರ ಸಹಿ ಇದೆಯಾ? ಇದೆ. ಹೊತ್ತಿಗೆ ಸರಿಯಾಗಿ ಬಂತಾ? ಬಂತು. ಚುನಾವಣಾಧಿಕಾರಿಯ ಕೆಲಸ ಅಲ್ಲಿಗೆ ಮುಗಿಯಿತು.

ಪಕ್ಷಗಳ ನೋಂದಣಿಯ ಕಾನೂನು ಏನು ಹೇಳುತ್ತದೆ? ಪ್ರಜಾಪ್ರತಿನಿಧಿ ಕಾಯ್ದೆಗೆ 1989ರಲ್ಲಿ 29ಎ ಎಂಬ ಸೆಕ್ಷನ್ ಸೇರಿತು. ನೋಂದಣಿ ಬೇಕಾದ ಪಕ್ಷ ಸಂವಿಧಾನಕ್ಕೆ, ಸಮಾಜವಾದ, ಜಾತ್ಯತೀತತೆ ಮತ್ತು ಪ್ರಜಾಪ್ರಭುತ್ವಕ್ಕೆ ನಿಷ್ಠೆ ತೋರುವುದಾಗಿ ಬರೆದುಕೊಡಬೇಕು. ಪದಾಧಿಕಾರಿಗಳನ್ನು ಕಾಲಕಾಲಕ್ಕೆ ಚುನಾವಣೆಯಲ್ಲಿ ಆರಿಸುತ್ತೇವೆ ಅಂತ ಪಕ್ಷದ ನಿಯಮಾವಳಿಯಲ್ಲಿ ಇರಬೇಕು ಅಂತ ಚುನಾವಣಾ ಆಯೋಗ ಕೇಳುತ್ತದೆ. ಟಿಕೆಟ್ ವಿಷಯ ಅದರಲ್ಲಿ ಬರುವುದೇ ಇಲ್ಲ. ಇನ್ನು ಬರೆದುಕೊಟ್ಟಂತೆ ನಡೆದುಕೊಳ್ಳದಿದ್ದರೆ? ವಂಚನೆಯಿಂದ ನೋಂದಣಿ ಪಡೆದಂಥ ಕೆಲವು ಸಂದರ್ಭ ಬಿಟ್ಟರೆ ಪಕ್ಷದ ನೋಂದಣಿ ರದ್ದು ಮಾಡುವ ಅಧಿಕಾರ ಆಯೋಗಕ್ಕಿಲ್ಲ ಅಂತ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಪಕ್ಷದೊಳಗಿನ ಪ್ರಜಾಪ್ರಭುತ್ವಕ್ಕೆ ಕಾನೂನು ಬೇಕು ಅಂತ ಕಾನೂನು ಆಯೋಗ 1999ರ ವರದಿಯಲ್ಲಿ ಹೇಳಿತು, 2015ರಲ್ಲಿ ಮತ್ತೆ ಹೇಳಿತು. ಎರಡೂ ವರದಿ ಕಪಾಟಿನಲ್ಲಿವೆ. ಕಾನೂನು ಮಾಡಬೇಕಾದವರೆಲ್ಲ ಬಿ ಫಾರಂ ಪಡೆದು ಬಂದವರೇ, ಅಲ್ವಾ?

ಸರಿ, ಕಾನೂನಿಲ್ಲದ ಜಾಗದಲ್ಲಿ ಪಕ್ಷಗಳು ಮಾಡುವುದೇನು? ಹೊರಗಿನಿಂದ ನೋಡಿದರೆ ದೊಡ್ಡ ವ್ಯವಸ್ಥೆಯೇ ಕಾಣುತ್ತದೆ. 2023ರ ವಿಧಾನಸಭೆ ಚುನಾವಣೆಗೆ ರಾಜ್ಯ ಕಾಂಗ್ರೆಸ್ ಅರ್ಜಿ ಕರೆಯಿತು. ಅರ್ಜಿ ನಮೂನೆಗೆ 5 ಸಾವಿರ ರೂಪಾಯಿ. ಜೊತೆಗೆ ಸಾಮಾನ್ಯ ವರ್ಗದವರಿಗೆ 2 ಲಕ್ಷ, ಪರಿಶಿಷ್ಟರಿಗೆ 1 ಲಕ್ಷ ರೂಪಾಯಿಯ ಡಿಡಿ. ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು. ಆಮೇಲೆ ಸ್ಕ್ರೀನಿಂಗ್ ಕಮಿಟಿ, ಕೊನೆಗೆ ದೆಹಲಿಯ ಕೇಂದ್ರ ಚುನಾವಣಾ ಸಮಿತಿ. ಬಿಜೆಪಿ ಅದೇ ವರ್ಷ ಪ್ರತಿ ಕ್ಷೇತ್ರದ ಪದಾಧಿಕಾರಿಗಳನ್ನು ಕರೆಸಿ, ಮನಸ್ಸಿನಲ್ಲಿರುವ ಮೂರು ಹೆಸರು ಬರೆದು ಹಾಕಿ ಅಂದಿತು. ಆ ಚೀಟಿಗಳೂ ದೆಹಲಿಗೇ ಹೋದವು. ಜೆಡಿಎಸ್ ಮಾತ್ರ 2022ರ ಡಿಸೆಂಬರ್‌ನಲ್ಲೇ 93 ಜನರ ಮೊದಲ ಪಟ್ಟಿ ಬಿಟ್ಟಿತು. ಬಿಜೆಪಿಯ ಮೊದಲ ಪಟ್ಟಿ ಬಂದಿದ್ದು 2023ರ ಏಪ್ರಿಲ್ 11ಕ್ಕೆ. ನಾಮಪತ್ರ ಸಲ್ಲಿಕೆ ಶುರುವಾಗಿದ್ದು 13ಕ್ಕೆ, ಮುಗಿದಿದ್ದು 20ಕ್ಕೆ. ಪಟ್ಟಿಯಲ್ಲಿ ಹೆಸರಿಲ್ಲ ಅಂತ ಗೊತ್ತಾದವನು ತಕರಾರು ಎತ್ತಿ, ಅದನ್ನು ಯಾರಾದರೂ ಕೇಳಿ, ಸರಿಯೋ ತಪ್ಪೋ ಅಂತ ಹೇಳೋಕೆ ಅಷ್ಟು ದಿನ ಸಾಲುತ್ತವಾ? ಪಟ್ಟಿ ತಡವಾಗಿ ಬರುವುದು ಸುಮ್ನೆ ಅಲ್ಲ. ಹೊತ್ತು ಕಡಿಮೆ ಇದ್ದಷ್ಟೂ ಬಂಡಾಯಕ್ಕೆ ಜಾಗ ಕಡಿಮೆ.

ಈ ಮೆಟ್ಟಿಲುಗಳ ನಡುವೆ ಸರ್ವೆ ಅಂತ ಒಂದು ಬರುತ್ತದೆ. ಸರ್ವೆ ಮಾಡಿದವರು ಯಾರು, ಎಷ್ಟು ಜನರನ್ನು ಮಾತಾಡಿಸಿದರು, ಏನು ಕೇಳಿದರು, ಆಕಾಂಕ್ಷಿಗೂ ಗೊತ್ತಿರುವುದಿಲ್ಲ. 'ಸರ್ವೆಯಲ್ಲಿ ನಿಮ್ಮ ಹೆಸರು ಬಂದಿಲ್ಲ ಗೌಡ್ರೆ' ಅಂದರೆ ಮುಗಿಯಿತು. ಸರ್ವೆ ಮಾಡಿಸಬಾರದು ಅಂತಲ್ಲ. ಪರೀಕ್ಷೆ ಬರೆಸಿ ಅಂಕಪಟ್ಟಿ ಕೊಡದೆ ನಪಾಸು ಅನ್ನೋದು ನ್ಯಾಯ ಹೇಗಾಗುತ್ತದೆ?

ಅಧಿಕಾರ ಇಷ್ಟು ಮೇಲೆ ಹೋಗಿ ಕೂತಿದ್ದಕ್ಕೆ ಕಾರಣಗಳಿವೆ. ಒಂದು, ದುಡ್ಡು. ವಿಧಾನಸಭೆ ಅಭ್ಯರ್ಥಿಯ ಖರ್ಚಿಗೆ ಈಗ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿಯ ಮಿತಿ ಇದೆ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ತನ್ನ ಖರ್ಚು ತಾನೇ ನೋಡಿಕೊಂಡು ಪಕ್ಕದ ಕ್ಷೇತ್ರಕ್ಕೂ ಕೈ ನೀಡಬಲ್ಲವನು 'ಗೆಲ್ಲುವ ಕುದುರೆ'. ಗಣಿ, ಗ್ರಾನೈಟ್, ರೈಸ್ ಮಿಲ್, ಗುತ್ತಿಗೆ ಕೆಲಸಗಳ ನಮ್ಮ ಸೀಮೆಯಲ್ಲಿ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಎರಡನೆಯದು 1985ರ ಪಕ್ಷಾಂತರ ನಿಷೇಧ ಕಾನೂನು. ಗೆದ್ದವರು ಸದನದಲ್ಲಿ ವಿಪ್ (ಹೀಗೇ ಮತ ಹಾಕಿ ಅನ್ನೋ ಪಕ್ಷದ ಆದೇಶ) ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಹಾಗಾಗಿ ಟಿಕೆಟ್‌ಗೂ ಹೈಕಮಾಂಡ್, ಗೆದ್ದ ಮೇಲಿನ ಮಾತಿಗೂ ಹೈಕಮಾಂಡ್. ಕ್ಷೇತ್ರದ ಕಾರ್ಯಕರ್ತರ ಹಂಗು ಶಾಸಕನಿಗೆ ಎಲ್ಲಿ ಉಳಿಯಿತು? ಅವನು ಹೆದರಬೇಕಾದ್ದು ಎರಡೇ ಕಡೆ, ಮತದಾರರಿಗೆ ಮತ್ತು ದೆಹಲಿಗೆ. ಮತದಾರರಿಗೆ ಐದು ವರ್ಷಕ್ಕೊಮ್ಮೆ, ದೆಹಲಿಗೆ ದಿನಾ.

ಬಳ್ಳಾರಿಗೆ ಇದರ ದೊಡ್ಡ ಪಾಠ 1999ರಲ್ಲೇ ಆಗಿತ್ತು. ಲೋಕಸಭೆಗೆ ಕಾಂಗ್ರೆಸ್‌ನಿಂದ ಸೋನಿಯಾ ಗಾಂಧಿ, ಬಿಜೆಪಿಯಿಂದ ಸುಷ್ಮಾ ಸ್ವರಾಜ್. ಇಬ್ಬರೂ ಹೊರಗಿನವರು. ಬಳ್ಳಾರಿಯ ಯಾವ ಪಕ್ಷದ ಕಾರ್ಯಕರ್ತರೂ ಸಭೆ ಸೇರಿ ಈ ಹೆಸರು ಆರಿಸಿದ್ದಲ್ಲ. ಸೋನಿಯಾ ಗೆದ್ದರು. ಅಮೇಥಿಯಲ್ಲೂ ಗೆದ್ದಿದ್ದರಿಂದ ಅದನ್ನೇ ಇಟ್ಟುಕೊಂಡು ಬಳ್ಳಾರಿಗೆ ರಾಜೀನಾಮೆ ಕೊಟ್ಟರು. 2000ದಲ್ಲಿ ಜನ ಮತ್ತೆ ಮತಗಟ್ಟೆಗೆ ಹೋಗಬೇಕಾಯಿತು.

ಪಕ್ಷದೊಳಗೆ ಮೇಲ್ಮನವಿಗೆ ಜಾಗವಿಲ್ಲದಾಗ ಅದು ಹೊರಗೆ ಬರುತ್ತದೆ. ಕೊಪ್ಪಳದಲ್ಲಿ 2024ರಲ್ಲಿ ಆಗಿದ್ದು ಇದೇ. ಹಾಲಿ ಸಂಸದ ಕರಡಿ ಸಂಗಣ್ಣ ಅವರಿಗೆ ಬಿಜೆಪಿ ಟಿಕೆಟ್ ತಪ್ಪಿತು, ಡಾ. ಬಸವರಾಜ ಕ್ಯಾವಟರ್ ಅವರಿಗೆ ಸಿಕ್ಕಿತು. ಸಂಗಣ್ಣ ಮತದಾನಕ್ಕೆ ಮುಂಚೆಯೇ ಕಾಂಗ್ರೆಸ್ ಸೇರಿದರು. ಗೆದ್ದಿದ್ದು ಕಾಂಗ್ರೆಸ್‌ನ ರಾಜಶೇಖರ ಹಿಟ್ನಾಳ. ಐದು ವರ್ಷದ ಹಿಂದೆ, 2019ರಲ್ಲಿ, ಇದೇ ಹಿಟ್ನಾಳರನ್ನು ಸಂಗಣ್ಣ ಸೋಲಿಸಿದ್ದರು. ಹಾಲಿ ಸಂಸದರಿಗೆ ಟಿಕೆಟ್ ಕೊಡಲೇಬೇಕು ಅಂತ ಎಲ್ಲೂ ಇಲ್ಲ, ಹೊಸಬರು ಬರಲಿ. ಆದರೆ ಯಾವ ಅಳತೆಗೋಲಿನಲ್ಲಿ ಒಬ್ಬರು ಬೇಡವಾದರು, ಇನ್ನೊಬ್ಬರು ಬೇಕಾದರು ಅನ್ನೋದು ಆ ಪಕ್ಷದ ಸದಸ್ಯನಿಗಾದರೂ ಗೊತ್ತಾಗಬೇಡವೇ?

ದೊಡ್ಡ ಕುಳಗಳಿಗೆ ಇನ್ನೊಂದು ದಾರಿ ಇದೆ: ಸ್ವಂತ ಪಕ್ಷ. ಬಿ. ಶ್ರೀರಾಮುಲು 2011ರಲ್ಲಿ ಬಿಜೆಪಿ ಬಿಟ್ಟು, ಬಳ್ಳಾರಿ ಗ್ರಾಮೀಣ ಉಪಚುನಾವಣೆಯಲ್ಲಿ ಪಕ್ಷೇತರರಾಗಿ ಗೆದ್ದರು. ಅವರ ಬಿಎಸ್‌ಆರ್ ಕಾಂಗ್ರೆಸ್ 2013ರಲ್ಲಿ ನಾಲ್ಕು ಸ್ಥಾನ ಗೆದ್ದಿತು. 2014ಕ್ಕೆ ಅವರು ಬಿಜೆಪಿಗೆ ವಾಪಸ್. ಗಾಲಿ ಜನಾರ್ದನ ರೆಡ್ಡಿ 2022ರ ಡಿಸೆಂಬರ್‌ನಲ್ಲಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಕಟ್ಟಿ, 2023ರಲ್ಲಿ ಗಂಗಾವತಿಯಿಂದ ಗೆದ್ದು, 2024ರ ಮಾರ್ಚ್‌ನಲ್ಲಿ ಪಕ್ಷವನ್ನು ಬಿಜೆಪಿಯಲ್ಲೇ ವಿಲೀನ ಮಾಡಿದರು. ನಮ್ಮ ಕಡೆ ಸ್ವಂತ ಪಕ್ಷ ಕಟ್ಟೋದು ಅಂದರೆ ಹೈಕಮಾಂಡ್‌ಗೆ ಮೇಲ್ಮನವಿ ಹಾಕಿದ ಹಾಗೆ ಅಂತ ಹೇಳಿದರೆ ತಪ್ಪಿಲ್ಲ. ಆದರೆ ಇಪ್ಪತ್ತು ವರ್ಷ ಬೂತ್ ನೋಡಿಕೊಂಡ ಒಬ್ಬ ಸಾಮಾನ್ಯ ಕಾರ್ಯಕರ್ತನಿಗೆ ಈ ಮೇಲ್ಮನವಿಯ ಫೀಸು ಕಟ್ಟೋಕೆ ಆಗುತ್ತಾ?

ಕುಟುಂಬದ ಮಾತೂ ಇಲ್ಲೇ ಬರುತ್ತದೆ. 2023ರ ಬಳ್ಳಾರಿ ನಗರ ಕ್ಷೇತ್ರ ನೋಡಿ. ಬಿಜೆಪಿಯಿಂದ ಗಾಲಿ ಸೋಮಶೇಖರ ರೆಡ್ಡಿ, ಸೋಮಶೇಖರ ಅವರ ತಮ್ಮ ಜನಾರ್ದನ ರೆಡ್ಡಿಯವರ ಪಕ್ಷದಿಂದ ಜನಾರ್ದನ ಅವರ ಪತ್ನಿ ಲಕ್ಷ್ಮೀ ಅರುಣಾ, ಕಾಂಗ್ರೆಸ್‌ನಿಂದ ಮಾಜಿ ಶಾಸಕ ಸೂರ್ಯನಾರಾಯಣ ರೆಡ್ಡಿಯವರ ಮಗ ನಾರಾ ಭರತ್ ರೆಡ್ಡಿ. ಗೆದ್ದವರು ಭರತ್ ರೆಡ್ಡಿ. ಇ. ತುಕಾರಾಂ 2024ರಲ್ಲಿ ಬಳ್ಳಾರಿ ಸಂಸದರಾದ ಮೇಲೆ ಖಾಲಿಯಾದ ಸಂಡೂರಿನಲ್ಲಿ ಕಾಂಗ್ರೆಸ್ ಟಿಕೆಟ್ ಅವರ ಪತ್ನಿ ಅನ್ನಪೂರ್ಣ ಅವರಿಗೆ ಹೋಯಿತು. ಅವರೂ ಗೆದ್ದರು. ಕೊಪ್ಪಳದ ಸಂಸದರು ಮತ್ತು ಕೊಪ್ಪಳದ ಶಾಸಕರು ಅಣ್ಣ ತಮ್ಮಂದಿರು. ಜನ ಮತ ಹಾಕಿ ಗೆಲ್ಲಿಸಿದ್ದಾರೆ, ಹಾಗಾಗಿ ಇವರು ಅನರ್ಹರು ಅನ್ನೋ ಮಾತು ನಿಲ್ಲುವುದಿಲ್ಲ. ಕೇಳಬೇಕಾದ್ದು ಬೇರೆ. ಸಂಡೂರಿನಂಥ ಕ್ಷೇತ್ರದಲ್ಲಿ ಮನೆತನದ ಹೊರಗಿನ ಒಬ್ಬ ಕಾರ್ಯಕರ್ತೆಗೆ ತನ್ನ ಹೆಸರು ಮುಂದಿಡಲು, ಪಕ್ಷದವರ ಎದುರು ಮಾತಾಡಲು, ಸೋತರೆ ಎಷ್ಟು ಮತಗಳಿಂದ ಸೋತೆ ಅಂತ ತಿಳಿಯಲು ದಾರಿ ಇದೆಯಾ? ಇದ್ದು, ಆಮೇಲೂ ಮನೆತನದವರೇ ಗೆದ್ದರೆ ಯಾರದೂ ತಕರಾರು ಇರಬಾರದು.

ಮೀಸಲು ಕ್ಷೇತ್ರಗಳಲ್ಲಿ ಇದು ಇನ್ನೂ ಸೂಕ್ಷ್ಮ. 2008ರ ಕ್ಷೇತ್ರ ಮರುವಿಂಗಡಣೆಯಿಂದ ಬಳ್ಳಾರಿ ಮತ್ತು ರಾಯಚೂರು ಲೋಕಸಭೆ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ಈಗಿನ ಬಳ್ಳಾರಿ ಜಿಲ್ಲೆಯ ಐದು ವಿಧಾನಸಭೆ ಕ್ಷೇತ್ರಗಳಲ್ಲಿ ನಗರ ಬಿಟ್ಟು ನಾಲ್ಕೂ ಪರಿಶಿಷ್ಟ ಪಂಗಡಕ್ಕೆ. ರಾಯಚೂರು ಜಿಲ್ಲೆಯ ಏಳರಲ್ಲಿ ನಾಲ್ಕು ಪಂಗಡಕ್ಕೆ, ಲಿಂಗಸುಗೂರು ಪರಿಶಿಷ್ಟ ಜಾತಿಗೆ. ಯಾರು ನಿಲ್ಲಬಹುದು ಅನ್ನೋದನ್ನು ಮೀಸಲಾತಿ ಗಟ್ಟಿಮಾಡಿದೆ. ಯಾರು ಆರಿಸಬೇಕು ಅನ್ನೋದನ್ನು ಮುಟ್ಟಿಲ್ಲ. ಟಿಕೆಟ್ ಕೊಡಿಸುವ ಕೈಗಳು ಬೇರೆಯವರದೇ ಆಗಿದ್ದರೆ, ಗೆದ್ದವರ ಋಣವೂ ಆ ಕಡೆಗೇ ಇರುತ್ತದೆ. ಮೀಸಲು ಕ್ಷೇತ್ರದ ಶಾಸಕರು ಸ್ವಂತ ಸಮುದಾಯದ ಬೇಡಿಕೆಗೆ ಗಟ್ಟಿಯಾಗಿ ದನಿ ಎತ್ತಲ್ಲ ಅನ್ನೋ ದೂರನ್ನು ಎಲ್ಲರೂ ಕೇಳಿರುತ್ತೇವೆ. ಅವರಿಗೆ ಬಿ ಫಾರಂ ಯಾರಿಂದ ಬಂತು ಅಂತ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ.

ಹಾಗಾದರೆ ಪಕ್ಷದೊಳಗೆ ಮತದಾನ ಮಾಡಿಸಿದರೆ ಸಾಕಾ? ಬೇರೆ ದೇಶಗಳು ಇದನ್ನು ಹಲವು ರೀತಿಯಲ್ಲಿ ಮಾಡಿ ನೋಡಿವೆ. ಅಮೆರಿಕದಲ್ಲಿ 1968ರಲ್ಲಿ ಡೆಮಾಕ್ರಟಿಕ್ ಪಕ್ಷ ಹ್ಯೂಬರ್ಟ್ ಹಂಫ್ರಿ ಅವರನ್ನು ಅಧ್ಯಕ್ಷ ಅಭ್ಯರ್ಥಿ ಮಾಡಿತು. ಪ್ರೈಮರಿ ಅನ್ನುವ ಒಳಚುನಾವಣೆಗಳಲ್ಲಿ ಅವರು ಸ್ಪರ್ಧಿಸಿಯೇ ಇರಲಿಲ್ಲ. ದೊಡ್ಡ ಗಲಾಟೆಯಾಗಿ, ಪಕ್ಷ ತನ್ನ ನಿಯಮ ಬದಲಿಸಿತು. 1972ರಿಂದ ಪ್ರೈಮರಿಯ ಮತಗಳೇ ಮುಖ್ಯವಾದವು. ಬ್ರಿಟನ್‌ನ ಟೋಟ್ನೆಸ್ ಎಂಬ ಕ್ಷೇತ್ರದಲ್ಲಿ 2009ರಲ್ಲಿ ಕನ್ಸರ್ವೇಟಿವ್ ಪಕ್ಷ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಯಾವ ಪಕ್ಷದವರು ಅಂತ ನೋಡದೆ ಕ್ಷೇತ್ರದ ಎಲ್ಲ ಮತದಾರರ ಮನೆಗೂ ಅಂಚೆಯಲ್ಲಿ ಮತಪತ್ರ ಕಳಿಸಿತು. ಸುಮಾರು ಕಾಲುಭಾಗ ಜನ ಮತ ಹಾಕಿ, ವೈದ್ಯೆಯಾಗಿದ್ದ ಸಾರಾ ವೊಲಾಸ್ಟನ್ ಅವರನ್ನು ಆರಿಸಿದರು. ಮರುವರ್ಷ ಅವರು ಸಂಸದೆಯೂ ಆದರು.

ನನಗೆ ಹೆಚ್ಚು ಹಿಡಿಸಿದ್ದು ಜರ್ಮನಿಯ ದಾರಿ. ಪಕ್ಷದ ಒಳಗಿನ ವ್ಯವಸ್ಥೆ ಪ್ರಜಾಪ್ರಭುತ್ವದಂತೆ ಇರಬೇಕು ಅಂತ ಅಲ್ಲಿನ ಸಂವಿಧಾನವೇ ಹೇಳುತ್ತದೆ. ಅಭ್ಯರ್ಥಿಗಳನ್ನು ಸದಸ್ಯರು ಅಥವಾ ಅವರು ಆರಿಸಿದ ಪ್ರತಿನಿಧಿಗಳು ಗುಪ್ತ ಮತದಾನದಲ್ಲೇ ಆರಿಸಬೇಕು ಅಂತ ಚುನಾವಣಾ ಕಾನೂನು ಹೇಳುತ್ತದೆ. ಸುಮ್ನೆ ಹೇಳಿ ಬಿಟ್ಟಿಲ್ಲ. ಹ್ಯಾಂಬರ್ಗ್‌ನಲ್ಲಿ 1991ರಲ್ಲಿ ಶಾಸನಸಭೆ ಚುನಾವಣೆ ನಡೆಯಿತು. ಅದಕ್ಕೆ ಸಿಡಿಯು ಪಕ್ಷ ಅಭ್ಯರ್ಥಿಗಳನ್ನು ಆರಿಸಿದ ರೀತಿ ಪ್ರಜಾಪ್ರಭುತ್ವಕ್ಕೆ ತಕ್ಕದ್ದಲ್ಲ ಅಂತ ಅಲ್ಲಿನ ಸಂವಿಧಾನ ನ್ಯಾಯಾಲಯ 1993ರಲ್ಲಿ ತೀರ್ಪು ಕೊಟ್ಟು, ಇಡೀ ಚುನಾವಣೆಯನ್ನೇ ರದ್ದು ಮಾಡಿತು. ಅದೇ ವರ್ಷ ಮತ್ತೆ ಚುನಾವಣೆ ಆಯಿತು. ತಪ್ಪು ಒಂದು ಪಕ್ಷದ್ದು, ಮರಳಿ ಮತ ಕೇಳಬೇಕಾದ್ದು ಎಲ್ಲ ಪಕ್ಷಗಳೂ. ಇದು ಜಾಸ್ತಿಯಾಯಿತು ಅನ್ನಿಸಬಹುದು. ಟಿಕೆಟ್ ಹಂಚಿಕೆ ಪಕ್ಷದ ಮನೆಯ ವಿಚಾರ ಅಲ್ಲ, ಊರಿನ ವಿಚಾರ ಅಂತ ಇದಕ್ಕಿಂತ ಖಡಕ್ಕಾಗಿ ಹೇಳಲು ಸಾಧ್ಯವಿಲ್ಲ.

ನಮ್ಮಲ್ಲೂ ಒಂದು ಪ್ರಯೋಗ ಆಗಿತ್ತು. 2014ರ ಲೋಕಸಭೆ ಚುನಾವಣೆಗೆ ಕಾಂಗ್ರೆಸ್ ದೇಶದ ಕೆಲವೇ ಕ್ಷೇತ್ರಗಳಲ್ಲಿ ಪ್ರೈಮರಿ ನಡೆಸಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಮತ ಹಾಕಿದ್ದು ಪಕ್ಷದ ಪದಾಧಿಕಾರಿಗಳು, ಪ್ರತಿನಿಧಿಗಳು. ಆಯ್ಕೆಯಾದ ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಇಬ್ಬರೂ ಚುನಾವಣೆಯಲ್ಲಿ ಸೋತರು. ಅಷ್ಟಕ್ಕೇ ಪ್ರಯೋಗ ನಿಂತಿತು. ಆ ವರ್ಷ ದೆಹಲಿಯಿಂದ ಟಿಕೆಟ್ ಪಡೆದ ಕಾಂಗ್ರೆಸ್ಸಿಗರೂ ದೇಶದ ತುಂಬ ಸೋತಿದ್ದರು. ಆದರೆ ಹೈಕಮಾಂಡ್ ಆಯ್ಕೆಯ ಪದ್ಧತಿಯನ್ನು ಯಾರೂ ನಿಲ್ಲಿಸಲಿಲ್ಲ.

ಒಳಮತದಾನಕ್ಕೂ ಕಾಯಿಲೆಗಳಿವೆ. ಸದಸ್ಯತ್ವ ಅಭಿಯಾನದಲ್ಲಿ ಒಬ್ಬನೇ ಆಕಾಂಕ್ಷಿ ಸಾವಿರಾರು ಜನರ ಶುಲ್ಕ ತಾನೇ ಕಟ್ಟಿ ಪಟ್ಟಿ ತುಂಬಿಸಿಬಿಡಬಹುದು. ಮತ ಹಾಕುವವರು ನೂರೈವತ್ತು ಪದಾಧಿಕಾರಿಗಳು ಮಾತ್ರ ಅಂದರೆ ಅಷ್ಟು ಜನರನ್ನು ಒಂದು ರೆಸಾರ್ಟ್‌ನಲ್ಲಿ ಇಡಬಹುದು. ಸಹಕಾರಿ ಸಂಘಗಳ ಚುನಾವಣೆ ಹತ್ತಿರದಿಂದ ನೋಡಿದವರಿಗೆ ಇದು ಹೊಸದಲ್ಲ. ಜಾತಿ ಲೆಕ್ಕದಲ್ಲಿ ಸಣ್ಣ ಸಮುದಾಯದವರು, ಹೆಣ್ಣುಮಕ್ಕಳು ಒಳಮತದಾನದಲ್ಲಿ ಗೆಲ್ಲುವುದು ಇನ್ನೂ ಕಷ್ಟವಾಗಬಹುದು. ಅಂಥ ಕಡೆ ಮೇಲಿನವರ ಕೈ ಒಂದೊಂದು ಸಲ ಒಳ್ಳೆಯದನ್ನೂ ಮಾಡುತ್ತದೆ.

ಅದಕ್ಕೇ ನನ್ನ ಪ್ರಕಾರ ಮತಪೆಟ್ಟಿಗೆಗಿಂತ ಮೊದಲು ಬೇಕಾದ್ದು ಬರೆದಿಟ್ಟ ನಿಯಮ. ಚುನಾವಣೆಗೆ ಆರು ತಿಂಗಳು ಮುಂಚೆ ಪಕ್ಷ ಹೇಳಿಬಿಡಲಿ: ಅಭ್ಯರ್ಥಿಯನ್ನು ಆರಿಸುವವರು ಇಂಥವರು, ಅಳತೆಗೋಲು ಇದು, ಅರ್ಜಿ ಹಾಕಿದವರು ಇಷ್ಟು ಜನ, ತಕರಾರಿದ್ದರೆ ಇಂಥ ದಿನದೊಳಗೆ ಇಂಥವರ ಹತ್ತಿರ ಬನ್ನಿ. ಕೊನೆಯ ಮಾತು ಹೈಕಮಾಂಡ್‌ನದೇ ಇರಲಿ ಬೇಕಾದರೆ. ಆದರೆ ಕಾರಣ ಬರೆದು ಕೊಡಲಿ.

ಕಾರಣ ಬರೆಯಿರಿ ಅಂದರೆ ಪಕ್ಷಗಳು ಒಪ್ಪುತ್ತವಾ? ಒಂದು ವಿಷಯದಲ್ಲಿ ಈಗಾಗಲೇ ಬರೆಯುತ್ತಿವೆ, ಕೋರ್ಟ್ ಹೇಳಿದ್ದಕ್ಕೆ. ಕ್ರಿಮಿನಲ್ ಕೇಸ್ ಇರುವವರಿಗೆ ಟಿಕೆಟ್ ಕೊಟ್ಟರೆ ಯಾಕೆ ಕೊಟ್ಟಿರಿ, ಕೇಸ್ ಇಲ್ಲದವರು ಯಾಕೆ ಸಿಗಲಿಲ್ಲ ಅಂತ ಪ್ರಕಟಿಸಬೇಕು ಎಂದು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಬರೀ 'ಗೆಲ್ಲುತ್ತಾರೆ' ಅನ್ನೋದು ಕಾರಣವಾಗದು ಅಂತಲೂ ಹೇಳಿತು. ಆಯ್ಕೆಯಾದ 48 ಗಂಟೆಯೊಳಗೆ ಪಕ್ಷದ ವೆಬ್‌ಸೈಟ್, ಸಾಮಾಜಿಕ ಜಾಲತಾಣ ಮತ್ತು ಪತ್ರಿಕೆಗಳಲ್ಲಿ ಇದು ಬರಬೇಕು. ಬಿಹಾರದ 2020ರ ಚುನಾವಣೆಯಲ್ಲಿ ಸರಿಯಾಗಿ ಪಾಲಿಸದ ಪಕ್ಷಗಳಿಗೆ 2021ರಲ್ಲಿ ಕೋರ್ಟ್ ದಂಡವನ್ನೂ ಹಾಕಿತು. ಪಕ್ಷಗಳು ಈ ಕಾರಣ ಬರೆದು ಪ್ರಕಟಿಸುವ ನಮೂನೆಯ ಹೆಸರು ಸಿ-7. ಮುಂದಿನ ಚುನಾವಣೆಯಲ್ಲಿ ನಿಮ್ಮ ಕ್ಷೇತ್ರದ್ದು ಹುಡುಕಿ ಓದಿ. 'ಜನಪ್ರಿಯರು, ಸಮಾಜಸೇವಕರು' ಅಂತ ಒಂದೇ ಸಾಲನ್ನು ಎಲ್ಲರಿಗೂ ಅಂಟಿಸಿದ್ದರೆ ಅದೂ ಒಂದು ಮಾಹಿತಿಯೇ. ಈ ಪದ್ಧತಿಯನ್ನು ಕೇಸ್ ಇರುವವರಿಗೆ ಮಾತ್ರ ಅಂತ ಇಡದೆ ಎಲ್ಲ ಅಭ್ಯರ್ಥಿಗಳಿಗೂ ಹಬ್ಬಿಸಲು ಹೊಸ ಇಲಾಖೆ ಬೇಕಿಲ್ಲ, ನಮೂನೆ ತಯಾರಿದೆ.

ಶುರು ಮಾಡಲು ಒಳ್ಳೆಯ ಜಾಗ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ, ಹಾಗಾಗಿ ಟಿಕೆಟ್‌ನ ಗೊಡವೆಯೂ ಇಲ್ಲ. ಯಾರು ಬೇಕಾದರೂ ನಿಂತು ಊರಿನವರ ಹತ್ತಿರ ಮತ ಕೇಳಬಹುದು. ಅಲ್ಲಿ ಗೆದ್ದು ಹೆಸರು ಮಾಡಿದವರಿಗೆ ಮುಂದಿನ ಮೆಟ್ಟಿಲು ತಾಲ್ಲೂಕು, ಜಿಲ್ಲಾ ಪಂಚಾಯಿತಿ. ಬಿ ಫಾರಂ ಎದುರಾಗುವುದು ಅಲ್ಲೇ ಮೊದಲು. 2016ರಲ್ಲಿ ಆ ಚುನಾವಣೆ ನಡೆದು, ಅವಧಿ 2021ಕ್ಕೇ ಮುಗಿದರೂ ಆಮೇಲೆ ವರ್ಷಗಟ್ಟಲೆ ನಡೆಯಲೇ ಇಲ್ಲ. ಆ ಮೆಟ್ಟಿಲು ಇಲ್ಲದೆ ಬೆಳೆದ ಒಂದಿಡೀ ತಲೆಮಾರು ಈಗ ವಿಧಾನಸಭೆಯ ಟಿಕೆಟ್ ಕೇಳೋಕೆ ನೇರ ಬೆಂಗಳೂರಿನ ಬಸ್ ಹತ್ತುತ್ತಿದೆ. ಜಿಲ್ಲಾ ಪಂಚಾಯಿತಿ ಕ್ಷೇತ್ರ ಅಂದರೆ ಹತ್ತಾರು ಹಳ್ಳಿ. ಅಲ್ಲಿ ಪಕ್ಷದ ಸದಸ್ಯರನ್ನು ಒಂದು ಕಲ್ಯಾಣ ಮಂಟಪದಲ್ಲಿ ಸೇರಿಸಿ, ಆಕಾಂಕ್ಷಿಗಳನ್ನು ಐದೈದು ನಿಮಿಷ ಮಾತಾಡಿಸಿ, ಚೀಟಿ ಹಾಕಿಸಿ, ಎಲ್ಲರೆದುರೇ ಎಣಿಸಲು ಒಂದು ಮಧ್ಯಾಹ್ನ ಸಾಕು. ಹಾಗೆ ಮಾಡಬೇಡಿ ಅನ್ನೋ ಕಾನೂನೂ ಇಲ್ಲ.